ಪದ್ಮಾವತಿಯ ಮಾತಿನ ಪರದೆ

ಲಕ್ವಾ ಹೊಡೆದು ಅವ್ವ ಪದ್ಮಾವತಿಯ ಮಾತು ನಿಂತ ಮೇಲೆ ಸುನೀಲ ಅವಳಿಗೆ ಕಂಪ್ಯೂಟರಿನಲ್ಲೊಂದು ಬಾಯಿ ಮಾಡಿಕೊಟ್ಟಿದ್ದ. ಪರದೆಯ ತುಂಬ ಚಿತ್ರಗಳು. ನೀರಿನ ಚಿತ್ರ ಮುಟ್ಟಿದರೆ ಅದು ದೊಡ್ಡದಾಗಿ ತೆರೆದುಕೊಂಡು, ಅವನ ಹೆಂಡತಿ ಸುರೇಖಾಳ ದನಿಯಲ್ಲಿ "ನೀರು ಬೇಕು" ಅನ್ನುತ್ತಿತ್ತು. ಸಿಂಧನೂರಿನ ಓಣಿಯವರೆಲ್ಲ ಬಂದು ನೋಡಿ ಹೊಗಳಿದ್ದೇ ಹೊಗಳಿದ್ದು.

ಹೊಗಳಿಕೆಯೆಲ್ಲ ಮಧ್ಯಾಹ್ನದ ತನಕ. ಆಮೇಲೆ ಪರದೆ ಕಲ್ಲಾಗಿ ಕೂತುಬಿಡುತ್ತಿತ್ತು. ಮೊನ್ನೆ ಹೀಗೆ ಕೂತಾಗ ಸುರೇಖಾ ಹಿತ್ತಲಲ್ಲಿದ್ದಳು, ಸುನೀಲ ಲಿಂಗಸುಗೂರಿನ ಆಫೀಸಿನಲ್ಲಿದ್ದ. ಅವ್ವ ಬಚ್ಚಲಿನ ಚಿತ್ರ ಒತ್ತಿ ಒತ್ತಿ, ಕೊನೆಗೆ ಸೀರೆಯಲ್ಲೇ ಮಾಡಿಕೊಂಡು ಅತ್ತಳು. ಅವತ್ತೇ ಸುನೀಲ ಗೆಳೆಯರಿಗೆಲ್ಲ ಫೋನು ಹಚ್ಚಿದ.

ಮಸ್ಕಿಯ ಗೆಳೆಯ ರಹಿಮಾನ್ "ಮೆಮೊರಿ ಜಾಸ್ತಿ ಹಾಕ್ಸಲೇ" ಅಂದ. ಸುನೀಲ ಹಾಕಿಸಿದ. ಮಧ್ಯಾಹ್ನ ನಿಲ್ಲುತ್ತಿದ್ದದ್ದು ಸಂಜೆಗೆ ನಿಂತಿತು, ಅಷ್ಟೇ. ತೆರೆದ ಯಾವುದೋ ಚಿತ್ರ ಮೆಮೊರಿಯ ಜಾಗ ಬಿಟ್ಟುಕೊಡದೆ ಒಳಗೇ ಪೇರಿಕೊಳ್ಳುತ್ತಿತ್ತು. ರಜೆ ಹಾಕಿ ಕೂತು ನೀರು, ಅನ್ನ, ಬಚ್ಚಲು, ಫ್ಯಾನು ಒಂದೊಂದನ್ನೇ ತೆರೆದು ಮುಚ್ಚಿ ನೋಡಿದ. ಎಲ್ಲ ಸಾಚಾ. ತಾನು ಬರೆದದ್ದೇ ತನಗೆ ತಿಳಿಯದ ಪೇಚಾಟ ವೈರಿಗೂ ಬೇಡ.

"ಮಾವನ ಫೋಟೋ ನೋಡೀರೇನ್ರೀ?" ಅಂದಳು ಸುರೇಖಾ.

ತೀರಿಕೊಂಡ ಅಪ್ಪ ಲಕ್ಷ್ಮಣನ ಫೋಟೋವನ್ನೂ, ಅವ್ವ ನೋಡಿಕೊಂಡಿರಲಿ ಎಂದು ಸುನೀಲ ಆ ಪರದೆಯಲ್ಲೇ ಇಟ್ಟಿದ್ದ. ಮೊದಲ ದಿನವೇ ಸುರೇಖಾ ಸಿಡುಕಿದ್ದಳು: "ಹಿರೇರ ಮುಖದ ಮ್ಯಾಗ ಕೆಂಪು ಇಂಟು ಮಾರ್ಕಾ? ಮೊದಲ ತಗೀರಿ!" ಅವನಿಗೂ ಹೌದೆನಿಸಿ, ಆ ಒಂದು ಫೋಟೋಗೆ ಮುಚ್ಚುವ ಇಂಟು ಗುರುತನ್ನೇ ತೆಗೆದು, ಸುಮ್ಮನೆ ಹಿಂದೆ ಸರಿಯುವಂತೆ ಮಾಡಿದ್ದ. ಮುಟ್ಟಿದಾಗಲೆಲ್ಲ ಹೊಸದೊಂದು ತೆರೆಯುತ್ತಿತ್ತು. ಹಳೆಯದು ಹಿಂದೆಯೇ ಉಳಿಯುತ್ತಿತ್ತು. ಒತ್ತಿದ ಲೆಕ್ಕ ತೆಗೆದು ನೋಡಿದರೆ, ಅವ್ವ ನೀರಿಗಿಂತ ಹೆಚ್ಚು ಅದನ್ನೇ ಒತ್ತಿದ್ದಳು.

ಒಂದೇ ಫೋಟೋ ಮತ್ತೆ ಮತ್ತೆ ಮುಂದೆ ಬರುವಂತೆ ತಿದ್ದಿದ. ಮರುದಿನ ಸಂಜೆಯಾದರೂ ಪರದೆ ನಿಲ್ಲಲಿಲ್ಲ. ಸುನೀಲನಿಗೆ ಕುಣಿಯುವಷ್ಟು ಖುಷಿ.

"ರಿಪೇರಿ ಆತು ಬೇ ಯವ್ವಾ. ಎಲ್ಲಾ ಸರಿ ಮಾಡೀನಿ, ಒತ್ತಿ ನೋಡು."

ಅವ್ವನ ಮುಖ ಅರಳಿತು. ಬೆರಳು ಸೀದಾ ಅಪ್ಪನ ಫೋಟೋಗೆ ಹೋಯಿತು. ಅಪ್ಪ ದೊಡ್ಡದಾಗಿ ಬಂದ. ಅವ್ವ ಕಿವಿಯನ್ನು ಪರದೆಯ ಹತ್ತಿರ ತಂದು ಕಾದಳು. ಮತ್ತೆ ಒತ್ತಿದಳು, ಮತ್ತೆ ಕಿವಿಗೊಟ್ಟಳು. ನೀರು ಮಾತಾಡುತ್ತಿತ್ತು, ಅನ್ನ ಮಾತಾಡುತ್ತಿತ್ತು, ಫ್ಯಾನು ಕೂಡ ಮಾತಾಡುತ್ತಿತ್ತು. ಅಪ್ಪನ ದನಿಯನ್ನು ಯಾರೂ, ಎಂದೂ ಹಿಡಿದಿಟ್ಟಿರಲಿಲ್ಲ.

ಅವ್ವ ಫೋಟೋದಲ್ಲಿನ ಅಪ್ಪನ ತುಟಿ ತೋರಿಸಿ, ಮಗನ ಕೈ ಹಿಡಿದು ಕೀಬೋರ್ಡಿನ ಮೇಲಿಟ್ಟಳು.