ಪಟ್ಟಿ ಬರುವ ಮುಂಚೆ ಬಿದ್ದ ಏಟು

ಎಣ್ಣೆ ಚಟಪಟ ಅನ್ನುತ್ತಿದೆ, ಮೀನಿನ ಅಂಚು ಕಪ್ಪಾಗುತ್ತಿದೆ, ತಿರುವಬಾರದೇ ಇವನು — ಲೆಮಾರನ ಕಣ್ಣು ಬಾಣಲೆ ಮೇಲೆಲ್ಲಿದೆ, ಫೋನಿನ ಮೇಲಿದೆ, ನನ್ನಣ್ಣ, ನಲವತ್ತು ದಾಟಿದವನು, ಮಂಗಳವಾರ ಬಂತೆಂದರೆ ಹೀಗೇ, ಮೂರು ಗಂಟೆಗೆ ಪಟ್ಟಿ ಬರುತ್ತದೆ, ವಾರವೆಲ್ಲ ಜನ ಮನೆಯಲ್ಲಿ ಕೂತು ಯಾವ ಸಿನಿಮಾ ಹೆಚ್ಚು ನೋಡಿದರು ಅಂತ, ಅದರ ಮೇಲೆ ಬಾಜಿ, ಮೊದಲನೇ ಜಾಗ ಇದಕ್ಕಾ, ಬರುತ್ತೆ ಅನ್ನೋರು ಹೌದು ಕೊಳ್ಳಬೇಕು, ಬರಲ್ಲ ಅನ್ನೋರು ಇಲ್ಲ ಕೊಳ್ಳಬೇಕು, ಬೆಲೆ ನಿಮಿಷಕ್ಕೊಮ್ಮೆ ಏರುತ್ತೆ ಇಳಿಯುತ್ತೆ, ಇದು ಜೂಜಲ್ಲ ಕಣೇ ವರ್ನಾ, ತಲೆ ಇರೋರ ಕೆಲಸ ಅನ್ನುತ್ತಾನೆ, ಇರಲಿ, ಈ ವಾರ ಬಾಜಿಯಲ್ಲಿ ನಮ್ಮ ಸಿನಿಮಾನೂ ಇದೆ, ಮುಖ ನಾಯಕಿಯದು, ಬೀಳುವ ಮೈ ನನ್ನದು, ಗಾಜಿನ ಬಾಗಿಲು ಒಡೆದುಕೊಂಡು ಮೆಟ್ಟಿಲ ಮೇಲಿಂದ ಉರುಳಿದ್ದು ನಾನು, ಹನ್ನೊಂದು ಸಲ, ಒಂಬತ್ತನೇ ಸಲ ಮೊಣಕಾಲಲ್ಲಿ ಏನೋ ಲಟಕ್ ಅಂದಿತು, ಸೆಟ್ಟಿನಲ್ಲಿ ಬಾಯಿ ಬಿಡಲಿಲ್ಲ, ಮತ್ತೆರಡು ಸಲ ಉರುಳಿದೆ, ಸಾಹಸದ ಮೇಸ್ಟ್ರು ಗ್ರೇಡಿ ಕೈ ಹಿಡಿದು ಎಬ್ಬಿಸಿದ, ಇದು ಮೊದಲನೇ ಜಾಗಕ್ಕೆ ಬಂದ್ರೆ ಎರಡನೇ ಭಾಗ ಗ್ಯಾರಂಟಿ, ಅದರ ಹೊಡೆದಾಟ ಎಲ್ಲ ನೀನೇ ಸಂಯೋಜನೆ ಮಾಡು, ಬೀಳೋಕೆ ಬೇರೆಯವರನ್ನ ಹುಡುಕ್ಕೊಳ್ಳೋಣ ಅಂದ.

ಮೀನು ಸೀದು ಹೋಯ್ತು ಕಣೋ, ಅಯ್ಯೋ ಹೌದಲ್ಲ, ಇದನ್ನ ಹಿಡ್ಕೋ ಒಂದು ನಿಮಿಷ, ಫೋನು ನನ್ನ ಕೈಗೆ, ನಮ್ಮ ಸಿನಿಮಾದ ಹೆಸರು, ಅದರ ಕೆಳಗೆ ಅವನು ಕೊಂಡದ್ದು, ಇಲ್ಲ, ಇಲ್ಲ, ಇಲ್ಲ, ಇನ್ನೂ ಕೆಳಗೆ ಬಾಜಿ ಕಟ್ಟಿದವರ ಹರಟೆ, ಅಲ್ಲಿ ಲೆಮಾರ್ ಬರೆದಿದ್ದಾನೆ, ವರ್ನಾ ಪ್ರೂಯಿಟ್ ನನ್ನ ಸ್ವಂತ ತಂಗಿ, ಇದರಲ್ಲಿ ಬೀಳೋಳು ಅವಳೇ, ಬಿಡುಗಡೆಗೆ ಮುಂಚೆ ತೋರಿಸಿದಾಗಲೇ ಜನ ಅರ್ಧಕ್ಕೆ ಎದ್ದು ಹೋದ್ರಂತೆ, ಒಳಗಿನ ಸುದ್ದಿ — ಭಾನುವಾರ ಇದೇ ಮೇಜಿನ ಮುಂದೆ ಕೂತು ಇದನ್ನ ನಾನೇ ಹೇಳಿಕೊಂಡಿದ್ದೆ, ಭಯ ಆಗ್ತಿದೆ ಲೆಮಾರ್ ಅಂತ, ಅವನು ಬೆನ್ನು ಸವರಿದ್ದ, ಇನ್ನೊಂದು ತುಂಡು ಕೋಳಿ ಹಾಕಿದ್ದ. ಇದೇನೋ ಇದು. ಆಟ ಕಣೇ, ನಾನು ಕಟ್ಟಿದ್ದು ಸಿನಿಮಾ ಮೇಲೆ, ನಿನ್ನ ಮೇಲಲ್ವಲ್ಲ.

ಹದಿನೈದು ವರ್ಷ ಈ ಮುಷ್ಟಿ ಗದ್ದದಿಂದ ಒಂದಂಗುಲ ಈಚೆ ನಿಂತಿದೆ, ಎಷ್ಟು ಗಂಡಸರ ಮುಖದ ಮುಂದೆ ಬೀಸಿದ್ದೇನೆ, ಒಬ್ಬರಿಗೂ ತಗುಲಿಲ್ಲ, ಈಗ ನಿಲ್ಲಲಿಲ್ಲ, ಅವನ ತುಟಿ ನನ್ನ ಗೆಣ್ಣಿಗೆ ಮೆತ್ತಗೆ ತಾಗಿತು, ಅದರ ಹಿಂದೆ ಗಟ್ಟಿ ಹಲ್ಲು, ಅದೂ ಸರಿಯಿತು, ಸದ್ದು ಸಿನಿಮಾದ್ದರ ಹಾಗಿಲ್ಲ, ಒದ್ದೆ ಬಟ್ಟೆ ಒಗೆದ ಹಾಗೆ, ಬಾಣಲೆ ಉರುಳಿತು, ಎಣ್ಣೆ ಅವನ ಪಾದದ ಮೇಲೆ, ಕೂಗಿದ, ನನ್ನ ಕೂದಲು ಹಿಡಿದು ಫ್ರಿಜ್ಜಿಗೆ ತಲೆ ಅಪ್ಪಳಿಸಿದ, ಕಣ್ಣಲ್ಲಿ ಬಿಳಿ, ಹುಚ್ಚು ಮುಂಡೆ ಅಂದ, ಕೂದಲು ಬಿಡೋ ಅಂದೆ, ಬಿಡಲಿಲ್ಲ, ಅವನು ಒದ್ದದ್ದು ಆ ಮೊಣಕಾಲಿಗೇ, ಗೊತ್ತಿದ್ದೇ ಒದ್ದ, ಬೀಳುತ್ತಾ ಅವನನ್ನೂ ಎಳೆದೆ, ಬೀಳುವುದು ನನಗೆ ಬರುತ್ತದೆ, ಅವನಿಗೆ ಬರುವುದಿಲ್ಲ, ಅವನ ಪಕ್ಕೆಲುಬು ಮೇಜಿನ ಮೂಲೆಗೆ, ಎದೆ ಮೇಲೆ ಕೂತು ಮತ್ತೆ ಹೊಡೆದೆ, ಮತ್ತೆ, ಎಣಿಸಲಿಲ್ಲ, ಯಾರೂ ಕಟ್ ಅನ್ನಲಿಲ್ಲ, ಅವನು ಕೈ ಅಡ್ಡ ಹಿಡಿಯುವುದನ್ನೂ ಬಿಟ್ಟ ಮೇಲೆ ನಿಲ್ಲಿಸಿದೆ.

ಎಣ್ಣೆಯ ನಡುವೆ ಬಿದ್ದಿದ್ದ ಫೋನು ಟಿಂಗ್ ಅಂದಿತು, ಮೂರು ಗಂಟೆ, ಲೆಮಾರ್ ಮಲಗಿದ್ದಲ್ಲೇ ಕತ್ತು ಹೊರಳಿಸಿ ನೋಡಿದ, ನಾನೂ ನೋಡಿದೆ, ನಮ್ಮದೇ ಮೊದಲು, ಅವನು ಕಟ್ಟಿದ್ದಷ್ಟೂ ಹೋಯಿತು, ನಗು ಬಂತು ನನಗೆ, ರಕ್ತ ನುಂಗುತ್ತ ನಕ್ಕೆ, ಆಮೇಲೆ ನನ್ನ ಜೇಬಲ್ಲೂ ಟಿಂಗ್, ಗ್ರೇಡಿಯ ಮೆಸೇಜು, ಮೊದಲನೇ ಜಾಗ ಬಂತು ವರ್ನಾ, ಆದ್ರೆ ನಿಮ್ಮಣ್ಣ ಬರೆದಿದ್ದನ್ನ ಕಂಪನಿಯವರು ಓದಿದಾರೆ, ಒಳಗಿನ ಸುದ್ದಿ ಬಿಟ್ಟುಕೊಟ್ಟೆ ಅಂತ ಎರಡನೇ ಭಾಗದಿಂದ ನಿನ್ನ ಹೆಸರು ತೆಗೆದ್ರು, ಎಷ್ಟು ಹೇಳಿದ್ರೂ ಕೇಳಲಿಲ್ಲ. ಓದಿ ಮುಗಿಸಿದೆ, ಫೋನು ಜೇಬಿಗೆ ಹಾಕಿದೆ, ನೆಲದಲ್ಲಿ ತಡಕಿದೆ, ಬಿದ್ದ ಹಲ್ಲನ್ನ ಹಾಲಲ್ಲಿಟ್ಟು ಬೇಗ ತಂದ್ರೆ ಕೂರಿಸಬಹುದು ಅಂತ ಶೂಟಿಂಗಿನ ನರ್ಸು ಕಲಿಸಿದ್ದಳು, ಒಲೆ ಕೆಳಗೆ ಸಿಕ್ಕಿತು, ಲೋಟಕ್ಕೆ ಹಾಲು, ಹಾಲಿಗೆ ಹಲ್ಲು, ನಡಿ ಆಸ್ಪತ್ರೆಗೆ, ಕಾರು ಹತ್ತು ಅಂದೆ.

ಅಟ್ಲಾಂಟಾದ ಬಿಸಿಲಲ್ಲಿ ಸಾಲುಗಟ್ಟಿದ ಕಾರುಗಳು, ಎಡಗೈಯಲ್ಲಷ್ಟೇ ಸ್ಟಿಯರಿಂಗು, ಬಲಗೈ ಬಾತಿದೆ, ಪಕ್ಕದಲ್ಲಿ ಲೆಮಾರ್, ಎರಡೂ ಕೈಯಲ್ಲಿ ಲೋಟ ಹಿಡಿದಿದ್ದಾನೆ, ಆ ಮೆಸೇಜು ಗ್ರೇಡಿದೇ ಅಲ್ವಾ, ಏನಂದ, ತುಟಿ ಒಡೆದು ಮಾತು ಸೋರುತ್ತಿದೆ, ಸುಮ್ನಿರು, ಹೇಳೇ ಏನಂದ, ಸುಮ್ನಿರು ಅಂದೆ, ಗುಂಡಿಗೆ ಚಕ್ರ ಇಳಿಯಿತು, ಹಾಲು ತುಳುಕಿತು, ಹಲ್ಲು ಗಾಜಿಗೆ ಬಂದು ಒರಗಿತು, ಬೇರಿನ ತುದಿಗೆ ಚೂರು ಮಾಂಸ, ಮತ್ತೆ ಒಳಗೆ ಹೋಯಿತು, ಅಮ್ಮನಿಗೆ ಏನು ಹೇಳುವುದು, ಮೊಣಕಾಲು ಬ್ರೇಕು ಒತ್ತಲು ಬಿಡುತ್ತಿಲ್ಲ, ಹೇಗೋ ಒತ್ತಿ ಸಿಗ್ನಲ್ಲಿಗೆ ನಿಂತೆ, ಹಲ್ಲು ಗಾಜಿಗೆ ಬಂತು, ಹಸಿರು ಬಿದ್ದಿದೆ, ಹಿಂದಿನವನ ಹಾರ್ನು, ವರ್ನಾ ನಡಿಯೇ, ಹಲ್ಲು ಒಳಗೆ ಹೋಯಿತು, ಮತ್ತೆ ಬಂತು, ಬಿಳಿಯ ಒಳಗಿಂದ ಬಿಳಿ, ತುದಿಯಲ್ಲಿ ಕೆಂಪು, ಗಾಜಿಗೆ ಒರಗಿ, ಹಲ್ಲು —