ದೊಡ್ಡವಳ ಸರದಿ

ನಡುವಿನ ಮಗ ಮಾತಾಡುವಾಗ ತೊದಲುತ್ತಿದ್ದ. ತರಗತಿಯಲ್ಲಿ ಅವನು ಓದಲು ಎದ್ದು ನಿಂತಾಗ ಮೇಷ್ಟ್ರು ಅವನಂತೆಯೇ ತೊದಲಿ ತೋರಿಸಿ ಮಕ್ಕಳನ್ನೆಲ್ಲ ನಗಿಸಿದರು. ಸುದ್ದಿ ಕಿವಿಗೆ ಬಿದ್ದ ದಿನವೇ ತಾಯಿ ಶಾಲೆಗೆ ನುಗ್ಗಿ, ಮೇಷ್ಟ್ರ ಮುಖದ ನೀರಿಳಿಸಿ, ಮೂರೂ ಮಕ್ಕಳ ಚೀಲ ಹೊತ್ತುಕೊಂಡು ಮನೆಗೆ ಬಂದಳು.

"ನನ್ನ ಮಕ್ಕಳಿಗೆ ನಾನೇ ಕಲಿಸ್ತೀನಿ. ನಿಮ್ಮ ಹಂಗೇ ಬೇಡ!" ಎಂದು ಶಾಲೆಯ ಬಾಗಿಲಲ್ಲೇ ಕೂಗಿ ಬಂದಿದ್ದಳು.

ಹನ್ನೆರಡು ವರ್ಷದ ದೊಡ್ಡವಳು, "ಅಮ್ಮ, ನನ್ನನ್ಯಾಕೆ ಬಿಡಿಸ್ತೀಯಾ? ನಂಗೇನೂ ಆಗಿಲ್ವಲ್ಲ" ಎಂದಳು. ಆ ಗದ್ದಲದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ತಾಯಿ ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಿದ್ದಳು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ಶಾಲೆಯಾಯಿತು. ಒಂದು ತುದಿಯಲ್ಲಿ ಆರು ವರ್ಷದ ಪುಟ್ಟಿ ಒತ್ತಕ್ಷರ ತಿದ್ದುತ್ತಿದ್ದಳು. ಮಧ್ಯದಲ್ಲಿ ಒಂಬತ್ತರ ಹುಡುಗ ಜೋರಾಗಿ ಓದುತ್ತಿದ್ದ. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ತಾಯಿ ಸೂಜಿ ಕೆಳಗಿಟ್ಟು ಕಾಯುತ್ತಿದ್ದಳೇ ಹೊರತು, ಒಮ್ಮೆಯೂ ತಾನು ಆ ಪದ ಮುಗಿಸಿಕೊಡಲಿಲ್ಲ. ಆ ತಾಳ್ಮೆ ಎಲ್ಲಿಂದ ಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಬೇರೆ ಯಾವುದರಲ್ಲೂ ಅವಳಿಗೆ ತಾಳ್ಮೆಯಿರಲಿಲ್ಲ.

ಇನ್ನೊಂದು ತುದಿಯಲ್ಲಿ ದೊಡ್ಡವಳು. "ಅವಳು ಜಾಣೆ, ತಾನೇ ಓದ್ಕೋತಾಳೆ" ಎಂದು ತಾಯಿ ಎಲ್ಲರ ಮುಂದೆಯೂ ಹೇಳುತ್ತಿದ್ದಳು. ಹೊಲಿಗೆ ಕೆಲಸ ಹೆಚ್ಚಾದಾಗ, "ಅಕ್ಕನ್ನ ಕೇಳ್ರೋ" ಎನ್ನುತ್ತಿದ್ದಳು. ಕೆಲಸ ದಿನಾ ಹೆಚ್ಚಾಗಿಯೇ ಇತ್ತು. ಲಿಫ್ಟ್ ರಿಪೇರಿ ಮಾಡುವ ಅಪ್ಪ ಸಂಜೆ ಗ್ರೀಸ್ ಕೈ ತೊಳೆಯುತ್ತಾ, "ಏನು, ಶಾಲೆ ಬಿಡ್ತಾ?" ಎಂದು ನಕ್ಕು ಟೀವಿ ಮುಂದೆ ಕೂರುತ್ತಿದ್ದ. ಆ ಶಾಲೆಯಲ್ಲಿ ಅವನ ಪಾಲು ಅಷ್ಟೇ.

ವರ್ಷ ತುಂಬಿದ ಮೇಲೆ ಶಿಕ್ಷಣ ಕಚೇರಿಯಿಂದ ಒಬ್ಬ ಮೇಡಂ ಮಕ್ಕಳ ಓದು ಪರೀಕ್ಷಿಸಲು ಬಂದರು. ಅಪ್ಪನೂ ರಜೆ ಹಾಕಿದ್ದ. ಪುಟ್ಟಿ ಪಟಪಟನೆ ಓದಿದಳು. ಹುಡುಗ ಒಂದು ಇಡೀ ಪುಟ ಓದಿದ. ಮೂರು ಕಡೆ ನಿಂತ, ಮೂರು ಸಲವೂ ತಾನೇ ದಾಟಿದ. ತಾಯಿಯ ಎದೆಯುಬ್ಬಿತು.

ದೊಡ್ಡವಳ ಮುಂದೆ ಮೇಡಂ ಬೀಜಗಣಿತದ ಒಂದು ಲೆಕ್ಕ ಇಟ್ಟರು. ಅವಳು ತುಂಬ ಹೊತ್ತು ಅದನ್ನೇ ನೋಡಿ ಪೆನ್ಸಿಲ್ ಕೆಳಗಿಟ್ಟಳು. ಮೇಡಂ ಅವಳ ನೋಟ್‌ಬುಕ್ ತಿರುವಿದರು. ಅವಳ ಪಾಠ ಏಳು ತಿಂಗಳ ಹಿಂದಿನ ತಾರೀಖಿಗೆ ನಿಂತುಹೋಗಿತ್ತು. ಆಮೇಲಿನದೆಲ್ಲ ತಮ್ಮನಿಗೆ ಹಾಕಿಕೊಟ್ಟ ಭಾಗಾಕಾರ, ತಂಗಿಗೆ ಬರೆದುಕೊಟ್ಟ ಕಾಪಿ, ಕೆಂಪು ಶಾಯಿಯಲ್ಲಿ ಸರಿ ತಪ್ಪಿನ ಗುರುತು.

"ಇದು ಟೀಚರ್ ನೋಟ್‌ಬುಕ್ಕಮ್ಮ," ಎಂದರು ಮೇಡಂ. "ಹುಡುಗೀದು ಎಲ್ಲಿದೆ?"

ತಾಯಿಗೆ ಮೈಯೆಲ್ಲ ಉರಿಯಿತು. "ಒಂದು ಲೆಕ್ಕ ಬರ್ಲಿಲ್ಲ ಅಂತ ಹೀಗಂತೀರಾ? ಒಂದು ದಿನ ಈ ಮೇಜಿನ ಮುಂದೆ ಕೂತು ನೋಡಿ, ಗೊತ್ತಾಗತ್ತೆ!"

ಮೇಡಂ ಏನೋ ಬರೆದುಕೊಂಡು ಹೋದರು. ಬಾಗಿಲು ಹಾಕಿದ್ದೇ ತಡ ತಾಯಿ ಮಗಳತ್ತ ತಿರುಗಿದಳು. "ಬರಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು? ಮಾನ ಕಳೆದೆಯಲ್ಲೇ!"

"ಹೇಳಿದ್ದೆ!" ದೊಡ್ಡವಳು ಕಿರುಚಿದಳು. ಅವಳು ಕಿರುಚಿದ್ದನ್ನು ಆ ಮನೆ ಅದುವರೆಗೂ ಕೇಳಿಯೇ ಇರಲಿಲ್ಲ. "ಎಷ್ಟು ಸಲ ಹೇಳ್ದೆ! ನೀನು 'ಇವನದು ಮುಗೀಲಿ ಇರು' ಅಂದೆ. 'ಈ ಪರದೆ ಮುಗೀಲಿ' ಅಂದೆ. ನಗಾಡಿದ್ದು ಇವನ ಮೇಷ್ಟ್ರು, ನನ್ನ ಮೇಷ್ಟ್ರಲ್ಲ! ನಂಗೆ ಶಾಲೆ ಇಷ್ಟ ಇತ್ತು. ನಿನ್ನ ಸಿಟ್ಟಿಗೆ ನನ್ನ ಶಾಲೆ ಯಾಕೆ ಬಿಡಿಸ್ದೆ?"

"ಹೋಗ್ಲಿ ಬಿಡಮ್ಮ, ದೊಡ್ಡವಳಲ್ವಾ ನೀನು," ಎಂದ ಅಪ್ಪ.

"ನೀವು ಸುಮ್ನಿರಿ!" ತಾಯಿ, ಮಗಳು ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು.

ತಾಯಿಯ ಸಿಟ್ಟು ಇಳಿಯಲಿಲ್ಲ. ಅದನ್ನು ಯಾರ ಮೇಲೆ ಹಾಕಿದರೂ ತಿರುಗಿ ತನ್ನ ಮೈಮೇಲೇ ಬರುತ್ತಿತ್ತು.

ಸೋಮವಾರ ದೊಡ್ಡವಳು ಹಳೆಯ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು. "ಮತ್ತೆ ಶಾಲೆಗೆ ಸೇರ್ತೀನಿ, ಸಹಿ ಹಾಕೋಕೆ ನೀನು ಬರ್ಬೇಕು. ಬರ್ತೀಯೋ ಇಲ್ವೋ?" ತಾಯಿ ಚಪ್ಪಲಿ ಮೆಟ್ಟಿಕೊಂಡಳು. ದಾರಿಯುದ್ದಕ್ಕೂ ಮಗಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ದಾಖಲೆ ನೋಡಿದ ಹೆಡ್‌ಮಿಸ್, "ಒಂದು ವರ್ಷ ಹಿಂದಿನ ಕ್ಲಾಸಲ್ಲಿ ಕೂರ್ಬೇಕಾಗತ್ತೆ," ಎಂದರು. ತಾಯಿಯ ಬಾಯಲ್ಲಿ ಮಾತು ಸಿದ್ಧವಾಗಿತ್ತು.

"ಅಮ್ಮ, ನೀನು ಏನೂ ಮಾತಾಡ್ಬೇಡ," ಎಂದು ಮಗಳು ತಡೆದು, ಹೆಡ್‌ಮಿಸ್ ಕಡೆ ತಿರುಗಿದಳು. "ಕೂರ್ತೀನಿ ಮಿಸ್."

ತಾಯಿ ಹಲ್ಲು ಕಚ್ಚಿ ಸಹಿ ಹಾಕಿದಳು. ಪೆನ್ನಿನ ಮೊನೆ ಕಾಗದ ಹರಿಯಿತು.

ಅಂದು ಸಂಜೆ ಗಂಡ ಟೀವಿ ಹಾಕುವ ಮುಂಚೆ ಅವಳು ರಿಮೋಟ್ ಕಿತ್ತುಕೊಂಡಳು. "ಪುಟ್ಟಿ ಪಾಠ ಇನ್ಮೇಲೆ ನಿಮ್ದು. ಬರಲ್ಲ ಅನ್ನೋ ಮಾತು ನಂಗೆ ಬೇಡ. ಬರದಿದ್ರೆ ಮೊದಲು ನೀವು ಕಲೀರಿ." ಅವನು ಗೊಣಗುತ್ತಲೇ ಹೋಗಿ ಪುಟ್ಟಿಯ ಪಕ್ಕ ಕೂತ. ಹತ್ತು ನಿಮಿಷದಲ್ಲಿ ಅವನ ಒತ್ತಕ್ಷರ ಪುಟ್ಟಿ ತಿದ್ದುತ್ತಿದ್ದಳು.

ದೊಡ್ಡವಳು ಒಳಕೋಣೆಯ ಬಾಗಿಲು ಹಾಕಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ಅಮ್ಮನೊಂದಿಗೆ ಮಾತು ಬಿಟ್ಟಿದ್ದಳು. ಹುಡುಗ ಪುಸ್ತಕ ಹಿಡಿದು ಹೋಗಿ ಬಾಗಿಲು ತಟ್ಟಿದ. "ಅ... ಅಕ್ಕಾ, ಈ ಭಾಗಾಕಾರ..."

"ಅಮ್ಮನ್ನ ಕೇಳು," ಎಂದಿತು ಒಳಗಿನ ದನಿ.

ತಾಯಿ ಅರ್ಧ ಹೊಲಿದ ಪರದೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿದಳು. "ಬಾರೋ ಇಲ್ಲಿ," ಎಂದಳು ಗಡುಸಾಗಿ.