ಆಷಾಢದ ಟೆಸ್ಟಿಂಗ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಕುಣಿಯಲು ಬರುವುದಿಲ್ಲ. ನಾನು ಗೊಲ್ಲರಹಟ್ಟಿಯ ಹುಚ್ಚಣ್ಣ, ಮಧುಗಿರಿಯ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವನು. ಆದರೂ ಎಂಬತ್ತರ ದಶಕದ ಆ ಭಾನುವಾರಗಳಲ್ಲಿ, ವಾರದ ಮೈನೋವೆಲ್ಲ ಬಿಟ್ಟುಹೋಗುವ ಹಾಗೆ ಕುಣಿದೆ. ಅದು ಇಬ್ಬರ ಋಣ. ಒಬ್ಬ ಕದಿರಯ್ಯ, ಇನ್ನೊಬ್ಬರು ಈಶ್ವರಮ್ಮ.

ಕದಿರಯ್ಯ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಜಾತಿ ಕೇಳಿದ ಮೇಲೆ ಅವನ ಅಂಗಡಿಗೆ ಯಾರೂ ಜಾಗ ಕೊಡಲಿಲ್ಲ. ಕೊಟ್ಟವರು ನಮ್ಮ ಮಿಲ್ಲಿನ ಯಜಮಾನಿ ಈಶ್ವರಮ್ಮ. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ಅವರೇ ನಡೆಸುತ್ತಿದ್ದರು. ಮಾತು ಕಡಿಮೆ, ಆಡಿದರೆ ಕತ್ತರಿ. "ಗೋಡೌನಿನ ಮೂಲ್ಯಾಗೆ ಇಟ್ಕೊ ಹೋಗು" ಅಂದರು, ಅಷ್ಟೇ.

ಮದುವೆಗೆ ಕಳಿಸುವ ಮುಂಚೆ ಸೆಟ್ಟನ್ನು ಹಾಕಿ ನೋಡಬೇಕಲ್ಲ, ಅದಕ್ಕೆ ಟೆಸ್ಟಿಂಗ್ ಎನ್ನುತ್ತಿದ್ದೆವು. ಮಿಲ್ಲಿಗೆ ರಜೆಯಿದ್ದ ಒಂದು ಭಾನುವಾರ ಸಂಜೆ ಕದಿರಯ್ಯ ಬೆಂಗಳೂರಿನಿಂದ ತಂದ ಡಿಸ್ಕೋ ರೆಕಾರ್ಡ್ ಹಾಕಿ ಟೆಸ್ಟ್ ಮಾಡಿದ. ಬಾಗಿಲು ಹಾಕಿಕೊಂಡು ನಾವಿಬ್ಬರೇ ಕುಣಿದೆವು. ಮುಂದಿನ ವಾರ ಮೂಟೆ ಹೊರುವವರೆಲ್ಲ ಬಂದರು. ಆಮೇಲೆ ಶಿರಾದ ಲಾರಿ ಮೆಕ್ಯಾನಿಕ್‌ಗಳು, ಕೊರಟಗೆರೆಯ ದರ್ಜಿಗಳು, ಪಾವಗಡದ ತೆಲುಗು ಕಂಡಕ್ಟರೊಬ್ಬ. ಕದಿರಯ್ಯ ಸೈಕಲ್ ಚಕ್ರಕ್ಕೆ ಬಣ್ಣದ ಕಾಗದ ಅಂಟಿಸಿ ಬಲ್ಬಿನ ಮುಂದೆ ತಿರುಗಿಸತೊಡಗಿದ. ಕಡಲೆಕಾಯಿ ಆರಿಸುವ ಹೊನ್ನಕ್ಕ ಬಂದು, "ಇದೂ ಒಂದು ಕುಣಿತನಾ? ಕೆಸ್ರು ತುಳ್ದಂಗೈತೆ" ಎಂದು ಸೆರಗು ಸಿಕ್ಕಿಸಿ ಕುಣಿದು ತೋರಿಸಿದಳು. ಮರುವಾರ ಅವಳ ಜೊತೆಯವರೂ ಬಂದರು.

ಅಲ್ಲಿ ಯಾರ ಮೈ ಯಾರಿಗೆ ತಗುಲಿತು ಎಂದು ಕೇಳುವವರಿರಲಿಲ್ಲ. ಹಟ್ಟಿಯಲ್ಲಿ ಗೊತ್ತಾಗಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದರು. ಸುತ್ತಲೂ ಮೂಟೆ ಒಟ್ಟಿದ್ದರಿಂದ ಸದ್ದು ಹೊರಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನಾಳೆ ಮದ್ವೆ ಐತೆ, ಟೆಸ್ಟಿಂಗು" ಎನ್ನುತ್ತಿದ್ದೆವು.

ಕುಣಿತದ ಹುಚ್ಚಿನಲ್ಲಿ ಪಂಚಾಂಗ ಮರೆತುಹೋಯಿತು. ಆಷಾಢ ಬಂತು. ಹಳೆ ಕಡಲೆಕಾಯೆಲ್ಲ ಮಾರಿಹೋಗಿ ಗೋಡೌನ್ ಬರಿದಾಗಿತ್ತು. ಸದ್ದು ತಡೆಯಲು ಒಂದು ಮೂಟೆಯೂ ಇಲ್ಲ. ನಮ್ಮ ಬುದ್ಧಿಗೆ ಕುಣಿಯಲು ಜಾಗ ಹೆಚ್ಚಾಯಿತೆಂಬ ಖುಷಿ ಮಾತ್ರ!

ಆ ಭಾನುವಾರ ಯಾರೋ ದಡದಡ ಬಾಗಿಲು ಬಡಿದರು. ತೆಗೆದರೆ ಈಶ್ವರಮ್ಮ.

"ಏನ್ಲಾ ಇದು?"

ಹಾಳು ಬಾಯಿ ನನ್ನದು, ರೂಢಿ ಬಲದಿಂದ ಹೇಳಿಬಿಟ್ಟೆ: "ನಾಳೆ ಮದ್ವೆ ಐತೆ ಅಮ್ಮಾರೇ, ಟೆಸ್ಟಿಂಗು."

"ಆಷಾಢದಾಗೆ ಯಾರ ಮದ್ವೆನ್ಲಾ, ನಿಮ್ಮಪ್ಪಂದಾ?"

ಕದಿರಯ್ಯ ಹಾಡು ನಿಲ್ಲಿಸಿದ. ಈಕೆ ಹೊರಗೆ ಹಾಕಿದರೆ ಊರಲ್ಲಿ ಅವನಿಗೆ ಬೇರೆ ಜಾಗವಿಲ್ಲ. ಜಾಗ ಹೋದರೆ ಹೊಟ್ಟೆಪಾಡೂ ಹೋಯಿತು. ನನ್ನ ಸುಳ್ಳಿಗೆ ಇನ್ನೊಂದು ಸೇರಿಸಿ ಜಾರಿಕೊಳ್ಳಬಹುದಿತ್ತು, ಅವನು ಹಾಗೆ ಮಾಡಲಿಲ್ಲ.

"ಯಾರ ಮದ್ವೆನೂ ಇಲ್ಲ ಅಮ್ಮಾರೇ. ಕುಣಿಯಾಕೆ ಆಸೆ ಆಯ್ತು, ಹಾಕ್ಕಂಡ್ವಿ. ತಪ್ಪಾಯ್ತು. ಸಾಮಾನು ಎತ್ಕಂಡು ಹೊಂಟೋಯ್ತೀನಿ."

ಈಶ್ವರಮ್ಮ ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. "ದಿಟವಾಗ್ಲೂ ಯಾರ ಮದ್ವೆನೂ ಅಲ್ವಾ?"

"ದಿಟ ಅಮ್ಮಾರೇ."

ಅವರು ಒಳಗೆ ಬಂದರು. ಖಾಲಿ ಚೀಲವೊಂದನ್ನು ಎಳೆದುಕೊಂಡು ಸ್ಪೀಕರಿನ ಎದುರಿಗೇ ಕೂತರು.

"ನಮ್ಮೆಜಮಾನ್ರು ಹೋದಾಗಿಂದ ಮದ್ವೆ ಮನ್ಯಾಗೆ ನನ್ನ ಹಿತ್ಲಾಗೇ ಕೂರ್ಸ್ತಾರೆ ಕಣಪ್ಪ. ಹಾಡು ಅಲ್ಲಿಗೆ ಅರ್ಧಂಬರ್ಧ ಕೇಳ್ತೈತೆ. ಇದು ಮದ್ವೆ ಅಲ್ಲ ಅಂದ್ಮೇಲೆ ನಾನು ಮುಂದ್ಕೇ ಕೂತ್ಕಂಬೌದು. ಹಾಕು ಕದಿರಯ್ಯ, ಮೊದ್ಲಿಂದ ಹಾಕು."

ಕದಿರಯ್ಯ ಬಲ್ಬಿನ ಮುಂದೆ ಸೈಕಲ್ ಚಕ್ರ ತಿರುಗಿಸಲು ಹೋದ. ಮುಳ್ಳನ್ನು ರೆಕಾರ್ಡಿನ ಮೇಲೆ ನಾನೇ ಹೋಗಿ ಇಟ್ಟೆ.